ಕಾಲುಂಗುರದ ಕೆಳಗೆ

ಪುಟ್ಟಿ, ಚಿನ್ನು,

ಹೋದ ಸಲ ಪವಾಯಿಯ ನಿಮ್ಮ ಮನೆಗೆ ಬಂದಿದ್ದಾಗ ನಾನು ಸ್ನಾನ ಮುಗಿಸಿ, ಮಂಚದ ಅಂಚಿನಲ್ಲಿ ಕೂತು ಕಾಲು ಒರೆಸಿಕೊಳ್ಳುತ್ತಿದ್ದೆ. ಸಾಕ್ಸ್ ಏರಿಸುವಷ್ಟರಲ್ಲಿ ಚಿನ್ನು ಒಳಗೆ ನುಗ್ಗಿದ. "ಅಜ್ಜಿ, ನಿನ್ನ ಉಂಗಲೀ ಕಹಾಂ ಗಯೀ?" ಎಂದು ಬಾಯಿ ಬಿಟ್ಟುಕೊಂಡು ನಿಂತ. ಲೋಕಲ್ ರೈಲಿನ ರಶ್ಶಿನಲ್ಲಿ ಯಾರೋ ಬೆರಳು ಎಗರಿಸಿಬಿಟ್ಟರು ಎಂದೆ. ಅವನು ನಕ್ಕು ಓಡಿಹೋದ. ಬಾಗಿಲ ಬಳಿ ನಿಂತಿದ್ದ ಪುಟ್ಟಿ ನಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು, "ಅಜ್ಜಿ, ಅವತ್ತು ಅಮ್ಮ ನಿನ್ ಮೇಲೆ ಅಷ್ಟೊಂದು ಗುಸ್ಸಾ ಯಾಕ್ ಮಾಡಿದ್ಲು? ಇಸೀಲಿಯೇ?" ಎಂದು, ಇದಕ್ಕೇನಾ ಎಂಬಂತೆ ನನ್ನ ಕಾಲಿನ ಕಡೆ ನೋಡಿದಳು. ನಾನು ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ.

ಎರಡು ಪ್ರಶ್ನೆಗೂ ಉತ್ತರ ಒಂದೇ. ಆದರೆ ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಇದ್ದ ಕಡೆ ನನ್ನ ದನಿ ಗಂಟಲಲ್ಲೇ ಉಳಿಯುತ್ತದೆ. ಊರಿನ ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಂತು ಓದು ಎಂದಾಗಲೂ ಹಾಗೆಯೇ ಆಗುತ್ತಿತ್ತು. ನನ್ನ ಬರವಣಿಗೆಯನ್ನು ಮಾತ್ರ ಅವರು ಹೊಗಳುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ನಿಮ್ಮ ಅಮ್ಮನೇ ಓದಿ ಹೇಳಬೇಕು. ಅವಳು ಓದಲಿ ಎಂಬ ಆಸೆಯೂ ನನಗಿದೆ.

ಕಾಲುಂಗುರದಿಂದ ಶುರು ಮಾಡಬೇಕು. ನಮ್ಮ ಮದುವೆಯಲ್ಲಿ ಅರೆಯುವ ಕಲ್ಲಿನ ಮೇಲೆ ನನ್ನ ಕಾಲಿಡಿಸಿ, ನಿಮ್ಮ ತಾತ ಬಗ್ಗಿ, ಎರಡೂ ಕಾಲಿನ ಹೆಬ್ಬೆರಳ ಪಕ್ಕದ ಬೆರಳಿಗೆ ಬೆಳ್ಳಿಯ ಉಂಗುರ ತೊಡಿಸಿದರು. ಸುತ್ತ ನಿಂತಿದ್ದ ಹೆಂಗಸರು, "ಚೆನ್ನಾಗಿ ನೋಡ್ಕೊಳೇ, ಗಂಡ ನಿನ್ ಕಾಲು ಮುಟ್ಟೋದು ಇದೊಂದೇ ಸಲ," ಎಂದು ರೇಗಿಸಿದರು. ರೇಗಿಸಿದ್ದಾದರೂ ನಮ್ಮ ಕಡೆ ಅದೇ ಕಟ್ಟಳೆ. ಗಂಡ ಹೆಂಡತಿಯ ಕಾಲು ಮುಟ್ಟಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಆ ಉಂಗುರವನ್ನು ಅವನಿರುವವರೆಗೆ ಬೆರಳಿನಿಂದ ತೆಗೆಯುವ ಹಾಗಿಲ್ಲ. ನಿಮ್ಮ ಅಮ್ಮ ಹೊಟ್ಟೆಯಲ್ಲಿದ್ದಾಗ ಕಾಲು ಬಾತುಕೊಂಡು ಸಂಕಟವಾದರೂ ತೆಗೆಯಲಿಲ್ಲ. ವರ್ಷ ಕಳೆದಂತೆ ಬೆರಳು ದಪ್ಪವಾಯಿತು. ಗಿಡಕ್ಕೆ ಕಟ್ಟಿದ ತಂತಿಯ ಸುತ್ತ ಕಾಂಡ ಬೆಳೆಯುತ್ತದಲ್ಲ, ಹಾಗೆ ಉಂಗುರ ಮಾಂಸದಲ್ಲಿ ಕೂತುಬಿಟ್ಟಿತು. ನನಗೆ ಅದು ಮೈಯದೇ ಒಂದು ಭಾಗವಾಗಿತ್ತು.

ನಿಮ್ಮ ತಾತನ ಆಫೀಸು ಗ್ರಾಂಟ್ ರೋಡಿನಲ್ಲಿತ್ತು. ಮನೆ ಮಾಟುಂಗದ ಇದೇ ಹಳೇ ಬಿಲ್ಡಿಂಗು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಆಫೀಸಿನವರು ಮಾಡಿಸಿದ ತಪಾಸಣೆಯಲ್ಲಿ ಗೊತ್ತಾಯಿತು. ಅಂದಿನಿಂದ ವರ್ಷಕ್ಕೊಮ್ಮೆ ಅವರನ್ನು ಕರೆಸಿ ನೋಡುತ್ತಿದ್ದರು. ರಕ್ತ, ಮೂತ್ರ, ಹಲ್ಲು, ಕಣ್ಣು, ಕಾಲು ಎಲ್ಲ. ಕಣ್ಣಿನ ದಿನ ಪಾಪೆ ದೊಡ್ಡದಾಗಲೆಂದು ಹನಿ ಹಾಕಿ ಕಳಿಸುತ್ತಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ಯಾರಮ್ಮ ಈ ಸುಂದರಿ, ಮಸುಕು ಮಸುಕಾಗಿ ಕಾಣ್ತಾಳಲ್ಲ," ಎನ್ನುತ್ತಿದ್ದರು. ಕಾಲು ನೋಡಿಸಿಕೊಂಡು ಬಂದ ದಿನ ಇನ್ನೂ ಜೋರು.

"ಇವತ್ತು ನಂಗೆ ಪಾದಪೂಜೆ ಆಯ್ತು ಕಣೇ. ಡಾಕ್ಟ್ರು ನೆಲದ ಮೇಲೆ ಕೂತು, ಬೆರಳಿನ ಸಂದಿ ಎಲ್ಲ ಬಿಡಿಸಿ ನೋಡಿದ್ರು. ಮೀನು ಹಿಡಿಯೋ ಗಾಳದ ದಾರದ ಥರ ಒಂದು ಇದೆ, ಅದರಲ್ಲಿ ಚುಚ್ಚಿ ಚುಚ್ಚಿ, ಗೊತ್ತಾಗ್ತಾ ಗೊತ್ತಾಗ್ತಾ ಅಂತ ಕೇಳ್ತಾರೆ."

"ಅಷ್ಟು ದೊಡ್ಡ ಡಾಕ್ಟ್ರು ನಿಮ್ ಕಾಲು ಹಿಡ್ಕೊಂಡ್ರಾ?" ಎಂದು ನಾನು ಬೆರಗಾಗಿದ್ದೆ.

ಆಮೇಲೆ ಕೆಲವು ವರ್ಷಕ್ಕೆ ನನಗೂ ಅದೇ ಕಾಯಿಲೆ ಇದೆ ಎಂದಾಯಿತು. ಬಿಲ್ಡಿಂಗಿನ ಕೆಳಗಿನ ಕ್ಲಿನಿಕ್ಕಿನ ಡಾಕ್ಟರು ಹೇಳಿದರು. ಒಳ್ಳೆಯ ಮನುಷ್ಯರು, ಆದರೆ ಬೆಂಚು ತುಂಬಿ ರಸ್ತೆಗೆ ಜನ ಚೆಲ್ಲಿರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು, ಸ್ಟೂಲಿನ ಮೇಲೆ ಸೀರೆ ಪಾದದವರೆಗೆ ಎಳೆದುಕೊಂಡು ಕೂರುವುದು, ಕೈಬೆರಳು ಚಾಚುವುದು. ಅವರು ಒಂದು ಹನಿ ರಕ್ತ ತೆಗೆದು, ಮಷೀನು ನೋಡಿ, "ಅನ್ನ ಕಡಿಮೆ ಮಾಡಿ, ಗುಳಿಗೆ ತಪ್ಪಿಸಬೇಡಿ," ಎಂದು ಮುಂದಿನವರನ್ನು ಕರೆಯುತ್ತಿದ್ದರು. ಅಷ್ಟು ವರ್ಷದಲ್ಲಿ ನನ್ನ ಸೀರೆಯ ಅಂಚಿನ ಕೆಳಗೆ ಯಾರೂ ನೋಡಲಿಲ್ಲ. ನೋಡಬೇಕೆಂದು ನನಗೂ ತಿಳಿದಿರಲಿಲ್ಲ. ಕಾಲಿನ ಪೂಜೆ ಆಫೀಸಿಗೆ ಹೋಗುವವರ ಕಾಯಿಲೆಗೆ, ಮನೆಯಲ್ಲಿರುವವರ ಕಾಯಿಲೆಗೆ ಗುಳಿಗೆ ಎಂದೇ ತಿಳಿದಿದ್ದೆ.

ನಿಮ್ಮ ತಾತ ಒಂದು ಸಲ ಆಫೀಸಿನಲ್ಲಿ ಕೇಳಿದ್ದರು. ಅವರ ಮೆಡಿಕಲ್ ಕಾರ್ಡಿನಲ್ಲಿ ನನ್ನ ಹೆಸರೂ ಇತ್ತು, ಆದರೆ ಆಸ್ಪತ್ರೆಗೆ ಸೇರಿದರೆ ಮಾತ್ರ. ಅಲ್ಲಿನ ಗುಮಾಸ್ತ ನಮ್ಮ ಕಡೆಯವನೇ. "ಸಾರ್, ಹೆಂಡತಿ ಬಿದ್ದರೆ ಕರ್ಕೊಂಡು ಬನ್ನಿ. ನಿಂತಿರೋವಾಗ ಕರ್ಕೊಂಡು ಬರೋ ಹಾಗಿಲ್ಲ," ಎಂದನಂತೆ. ತಾತ ಅದನ್ನು ಮನೆಯಲ್ಲಿ ಹೇಳಿ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಎದ್ದು, ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ನನ್ನೆದುರು ನೆಲದ ಮೇಲೆ ಕೂತರು.

"ಚಾಚು ಕಾಲು. ನಾನೇ ನೋಡ್ತೀನಿ."

"ಅಯ್ಯೋ, ಬಿಡಿ! ಕಾಲು ಮುಟ್ಟಬೇಡಿ," ಎಂದು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡುಬಿಟ್ಟೆ.

"ಸುಮ್ನೆ ಒಂದ್ಸಲ ಕಣೇ."

"ಯಾರಾದ್ರೂ ನೋಡಿದ್ರೆ!"

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಕಡ್ಡಿಯನ್ನು ಕಿಟಕಿಯಿಂದಾಚೆ ಎಸೆದು ಪೇಪರು ತೆಗೆದುಕೊಂಡರು. ನಮ್ಮ ಕಡೆಯ ಯಾವ ಹೆಂಗಸಾದರೂ ಹಾಗೆಯೇ ಎಳೆದುಕೊಳ್ಳುತ್ತಿದ್ದಳು. ಈಗಲೂ ಎಳೆದುಕೊಳ್ಳುತ್ತಾಳೆ.

ಪಕ್ಕದ ಮನೆಯಲ್ಲಿ ವಿಜಾಪುರದ ಕಡೆಯ ಒಬ್ಬ ಹೆಂಗಸು ಇದ್ದಾಳೆ, ನೀವು ನೋಡಿದ್ದೀರಿ. ನಾನು ಆಪಾ ಎನ್ನುತ್ತೇನೆ, ಅವಳು ನನ್ನನ್ನು ಅಕ್ಕಾರ ಎನ್ನುತ್ತಾಳೆ. ಅವಳ ಗಂಡ ನಲ್ಲಿ ರಿಪೇರಿ ಕೆಲಸದವರು, ಅವಳು ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ಮುನಿಸಿಪಾಲಿಟಿ ದವಾಖಾನೆಯ ಗುಳಿಗೆ ತಿನ್ನುತ್ತಿದ್ದಳು, ಅಲ್ಲಿ ಗುಳಿಗೆ ಮುಗಿದರೆ ಬಂದಾಗ ತಿನ್ನುತ್ತಿದ್ದಳು. ಇಬ್ಬರೂ ಸಕ್ಕರೆಯಿಲ್ಲದ ಚಾ ಕುಡಿಯಲು ಕೂತರೆ, "ಇದಕ್ಕ ಚಾ ಅಂತಾರೇನ್ರಿ ಅಕ್ಕಾರ? ಕಪ್ಪು ತೊಳದ ನೀರ ಛಲೋ ಇರ್ತದ," ಎಂದು ಮುಖ ಸಿಂಡರಿಸುತ್ತಿದ್ದಳು.

ನಿಮ್ಮ ತಾತ ಹೋದದ್ದು ಎದೆನೋವಿನಿಂದ, ಒಂದು ಬೆಳಿಗ್ಗೆ, ಹಾಲು ತರಲು ಹೊರಟವರು ಬಾಗಿಲಲ್ಲೇ ಕೂತುಬಿಟ್ಟರು. ಅದನ್ನು ನಾನು ಹೆಚ್ಚು ಬರೆಯಲಾರೆ. ಮಲಗಿಸಿದಾಗ ಅವರ ಪಾದಗಳು ನನ್ನ ಕಡೆಗಿದ್ದವು. ಒಂದು ಬಿರುಕಿಲ್ಲ, ಒಂದು ಕಪ್ಪು ಉಗುರಿಲ್ಲ. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದರು ಎಂದು ನೋಡುತ್ತಾ ಕೂತಿದ್ದೆ.

ತಿಥಿಯ ಹಿಂದಿನ ದಿನ ನನ್ನ ಬಳೆ, ಕಾಲುಂಗುರ ತೆಗೆಯಬೇಕಿತ್ತು. ಊರಿನಿಂದ ತಾತನ ಅಕ್ಕ, ನನ್ನ ಅತ್ತಿಗೆ, ಬಂದಿದ್ದರು, ಅವರೂ ಗಂಡನನ್ನು ಕಳೆದುಕೊಂಡವರು. ಅವರೇ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಬಳೆ ಬೇಗ ಹೋಯಿತು. ಉಂಗುರ ಬರಲಿಲ್ಲ. ಸೋಪು ಹಚ್ಚಿದರು, ಕೊಬ್ಬರಿ ಎಣ್ಣೆ ಬಿಟ್ಟರು, ದಾರ ಸುತ್ತಿ ತಿರುಗಿಸಿದರು. ಕೊನೆಗೆ ಯಾರೋ ಪಕ್ಕದ ಮನೆಗೆ ಹೋಗಿ ಆಪಾಳ ಗಂಡನ ಇಕ್ಕಳ ತಂದರು. ಎಡಗಾಲಿನದು ಬಂತು. ಬಲಗಾಲಿನದನ್ನು ಕತ್ತರಿಸಿ ಅಗಲಿಸಿ ಎಳೆಯುವಾಗ ಬೆರಳಿನ ಚರ್ಮ ಅದರ ಜೊತೆ ಬಂತು. ಕೆಳಗಿದ್ದ ಮಾಂಸ ಬೂದು ಬಣ್ಣಕ್ಕೆ ತಿರುಗಿತ್ತು. ನೀರು ಕೆಂಪಾಗಿ ಜಾಲರಿಗೆ ಹರಿಯಿತು.

ನನಗೆ ಏನೂ ಆಗಲಿಲ್ಲ. ಇನ್ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದೆ.

"ನೋಡ್ರೇ, ಒಂದು ಆ ಅನ್ನಲಿಲ್ಲ," ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. "ಅವನ ಜೊತೆ ಇವಳ ಜೀವಾನೂ ಹೋಗಿದೆ."

ಸುತ್ತಲಿನವರೆಲ್ಲ ಅತ್ತರು. ನಾನೂ ಹಾಗೇ ನಂಬಿದೆ. ದುಃಖ ಹೆಚ್ಚಾದರೆ ಮೈ ಕಲ್ಲಾಗುತ್ತದೆ ಎಂದು ಕೇಳಿದ್ದೆ, ನನಗೂ ಅದೇ ಆಗಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅದರಿಂದ ಸ್ವಲ್ಪ ಸಮಾಧಾನವೇ ಆಯಿತು. ಅವರಿಗಾಗಿ ಜೋರಾಗಿ ಅಳಲು ಬಾರದವಳು ನಾನು. ನನ್ನ ಕಾಲಾದರೂ ಅತ್ತಿದೆ ಎನ್ನಿಸಿತು.

ಅರಿಸಿನ ಒತ್ತಿ ಬಟ್ಟೆ ಕಟ್ಟಿದರು. ತಿಂಗಳ ಮಾಸಿಕ ಆಗುವವರೆಗೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮನೆಯೊಳಗೆ ಬರಿಗಾಲಲ್ಲಿ ಓಡಾಡಿದೆ, ಬಂದವರಿಗೆಲ್ಲ ಅಡುಗೆ ಮಾಡಿದೆ. ನೋವಿಲ್ಲದ ಗಾಯವನ್ನು ಯಾರು ಬಿಚ್ಚಿ ನೋಡುತ್ತಾರೆ? ಅರಿಸಿನದ ಬಣ್ಣದಲ್ಲಿ ಕೀವಿನ ಬಣ್ಣವೂ ಕಾಣಲಿಲ್ಲ.

ಊಟದ ಪಾತ್ರೆ ವಾಪಸು ಕೊಡಲು ಬಂದ ಆಪಾ ಬಾಗಿಲಲ್ಲೇ ನಿಂತಳು. ಅವಳಿಗೆ ಆಗಲೇ ಕಣ್ಣು ಮಂಜು, ಮೂಗು ಮಾತ್ರ ಚುರುಕು.

"ಅಕ್ಕಾರ, ಏನೋ ಸತ್ತಂಗ ವಾಸನಿ ಬರಾಕತ್ತದ. ಇಲಿ ಬಿದ್ದದೇನ್ರಿ?" ಎಂದವಳು ಹತ್ತಿರ ಬಂದು ಬಗ್ಗಿ, "ಯಾ ಅಲ್ಲಾ! ಇದು ನಿಮ್ಮ ಕಾಲಿಂದು," ಎಂದಳು. "ನಿಮಗ ಗೊತ್ತಾಗಲಿಲ್ಲೇನು? ನಡೀರಿ, ದವಾಖಾನಿಗೆ ನಡೀರಿ."

ಅತ್ತಿಗೆ ಒಳಗಿನಿಂದ, "ತಿಂಗಳಾಗೋವರೆಗೆ ಅವಳು ಹೊರಗೆ ಹೋಗೋ ಹಾಗಿಲ್ಲಮ್ಮ," ಎಂದರು.

"ತಿಂಗಳಾಗೂಮಟ ಕಾಲು ಕಾಯ್ತದೇನ್ರಿ? ಹೊಸ್ತಿಲಕ್ಕ ನಾ ಕೈ ಮುಗೀತೀನಿ, ಆಕೀನ್ನ ಬಿಡ್ರಿ."

ಅತ್ತಿಗೆ ಮುಖ ತಿರುಗಿಸಿದರು. ಆಪಾ ನಿಮ್ಮ ಅಮ್ಮನಿಗೆ ಫೋನು ಮಾಡಿದಳು. ಅವಳು ಟ್ಯಾಕ್ಸಿಯಲ್ಲಿ ಬಂದು, ಯಾರನ್ನೂ ಕೇಳದೆ ನನ್ನನ್ನು ಕೂರಿಸಿಕೊಂಡು ಪವಾಯಿಯ ದೊಡ್ಡ ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಎರಡೂ ಕಿಟಕಿ ತೆಗೆದಿಟ್ಟಿದ್ದಳು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರು. ಆಮೇಲೆ, "ಮಾಜೀ, ಪೈರ್ ಕೀ ಜಾಂಚ್ ಆಖಿರೀ ಬಾರ್ ಕಬ್ ಹುಯೀ ಥೀ?" ಎಂದು ಕೇಳಿದರು. ಕೊನೆಯ ಸಲ ಕಾಲು ತೋರಿಸಿದ್ದು ಯಾವಾಗ ಎಂದು.

"ಹರ್ ಸಾಲ್ ಹೋತೀ ಥೀ ಡಾಕ್ಟರ್," ಎಂದಳು ನಿಮ್ಮ ಅಮ್ಮ. "ಪಪ್ಪಾ ಕೇ ಆಫೀಸ್ ಸೇ. ಪ್ರತಿ ವರ್ಷ ಪಪ್ಪನ ಆಫೀಸಿಂದ ಆಗ್ತಿತ್ತಲ್ಲಮ್ಮ?"

ಅವಳು ಸುಳ್ಳು ಹೇಳಲಿಲ್ಲ. ಚಿಕ್ಕಂದಿನಿಂದ ಪಾದಪೂಜೆಯ ಕಥೆ ಕೇಳಿ ಬೆಳೆದವಳು. ಮನೆಯಲ್ಲಿ ಇಬ್ಬರಿಗೂ ಒಂದೇ ಕಾಯಿಲೆ, ಇಬ್ಬರಿಗೂ ಆಗುತ್ತಿದೆ ಎಂದು ತಿಳಿದಿದ್ದಳು.

"ಅದು ಅವರದು," ಎಂದೆ.

"ಅಂದ್ರೆ?"

"ಅವರ ಕಾಲು. ನನ್ನದು ಯಾರೂ ನೋಡಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಡಾಕ್ಟರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಕೈಯಲ್ಲಿ ನಿಮ್ಮ ತಾತ ಹೇಳುತ್ತಿದ್ದ ಗಾಳದ ದಾರವಿತ್ತು, ನಾನು ಅದನ್ನು ಮೊದಲ ಸಲ ನೋಡಿದೆ. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ತಿಳಿದಾಗಲೆಲ್ಲ ಹಾಂ ಅನ್ನಿ ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಶುರು ಮಾಡಲಿ ಎಂದು ಕಾದೆ. ಬಹಳ ಹೊತ್ತಾಯಿತು, ಏನೋ ತರಲು ಎದ್ದು ಹೋದರೇನೋ ಎಂದು ಕಣ್ಣು ಬಿಟ್ಟರೆ, ಅವರು ಎರಡೂ ಕಾಲು ಮುಗಿಸಿ ದಾರವನ್ನು ಡಬ್ಬಿಯಲ್ಲಿಡುತ್ತಿದ್ದರು. ನಿಮ್ಮ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ್ದಳು.

ನನ್ನ ಪಾದಗಳು ಸತ್ತು ಎಷ್ಟೋ ವರ್ಷವಾಗಿತ್ತು. ಬಚ್ಚಲಿನಲ್ಲಿ ಆದದ್ದು ದುಃಖವಲ್ಲ. ಬೆರಳು ಹೋಗುತ್ತದೆ ಎಂದಾಗ ನನಗೆ ಅಷ್ಟು ಸಂಕಟವಾಗಲಿಲ್ಲ. ಅವರಿಗಾಗಿ ನನ್ನ ಕಾಲು ಅತ್ತಿತು ಎಂದುಕೊಂಡಿದ್ದನ್ನೂ ಈ ಕಾಯಿಲೆ ತೆಗೆದುಕೊಂಡು ಹೋಯಿತಲ್ಲ ಎಂದು ಸಂಕಟವಾಯಿತು.

ಉಂಗುರವಿದ್ದ ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದರು. ಪಾದ ಉಳಿಯುತ್ತದೋ ಇಲ್ಲವೋ ಎಂದು ಇನ್ನೂ ಸ್ವಲ್ಪ ಕಾಲ ಕಾಯಿಸಿ, ಕೊನೆಗೆ ಉಳಿಸಿಕೊಟ್ಟರು. ತಾತನ ಕಾರ್ಡು ಅಲ್ಲಿ ನಡೆಯಿತು. ಈಗ ನಾನು ಬಿದ್ದಿದ್ದೆನಲ್ಲ.

ಕಾಲು ಒಣಗಿದ ಮೇಲೆ, ಆಪಾಳನ್ನೂ ಕರೆದುಕೊಂಡು ಹೋಗಿ ತೋರಿಸು ಎಂದು ನಿಮ್ಮ ಅಮ್ಮನನ್ನು ಕೇಳಿಕೊಂಡೆ. ಅವಳು ಕರೆದುಕೊಂಡು ಹೋದಳು. ಆಪಾಳ ಕಾಲಿಗೆ ಇನ್ನೂ ಜೀವವಿತ್ತು. ಕಣ್ಣಿಗೆ ತಡವಾಗಿತ್ತು. ಒಳಗೆ ರಕ್ತ ಸೋರಿ ಸೋರಿ ಒಂದು ಕಣ್ಣು ಹೋಗಿದೆ, ಇನ್ನೊಂದು ಇದ್ದಷ್ಟು ದಿನ ಎಂದರು. ದವಾಖಾನೆಯವರು ಹಿಂದೆಯೇ ಕಣ್ಣು ತೋರಿಸು ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದಿದ್ದರಂತೆ. ಹೋಗಿದ್ದಳು. ಸರದಿ ಬರುವಷ್ಟರಲ್ಲಿ ಹನಿ ಹಾಕುವ ಹೊತ್ತು ಮುಗಿಯಿತು, ಇನ್ನೊಂದು ದಿನ ಬಾ ಎಂದರು. ಆ ಇನ್ನೊಂದು ದಿನವೂ ಹಾಗೇ ಆಯಿತು. ಮನೆಯಲ್ಲಿ ಮದುವೆ ಸೀಸನ್ನಿನ ಸೀರೆಗಳು ರಾಶಿ ಬಿದ್ದಿದ್ದವು. ಮತ್ತೆ ಹೋಗಲಿಲ್ಲ. ಅದೇ ಊರಿನಲ್ಲಿ ನಿಮ್ಮ ಅಮ್ಮನ ಮೊಬೈಲಿಗೆ, ನಿಮ್ಮ ತಪಾಸಣೆ ಬಾಕಿ ಇದೆ, ದಯವಿಟ್ಟು ಬನ್ನಿ ಎಂದು ಅವರಾಗಿಯೇ ಸಂದೇಶ ಕಳಿಸುತ್ತಿರುತ್ತಾರೆ.

"ನಿಮಗ ಬೆರಳಿಲ್ಲ, ನನಗ ಕಣ್ಣಿಲ್ಲ," ಎಂದು ಆಪಾ ನಗುತ್ತಾಳೆ. "ಇಬ್ಬರನ್ನೂ ಕೂಡಿಸಿ ಹೊಲದ್ರ ಒಂದು ಪೂರಾ ಹೆಂಗಸು ಆಗ್ತಾಳ್ರಿ ಅಕ್ಕಾರ."

ಈಗ ದಿನಾ ಬೆಳಿಗ್ಗೆ ಕೆಲಸ ಮುಗಿಸಿ ಅವಳು ಬರುತ್ತಾಳೆ. ನಾನು ಅವಳ ಕಾಲನ್ನು ಕಣ್ಣಿನಿಂದ ನೋಡುತ್ತೇನೆ, ಅವಳಿಗೆ ಕಾಣುವುದಿಲ್ಲ. ಅವಳು ನನ್ನ ಅಂಗಾಲಿನ ಮೇಲೆ ಬೆರಳಾಡಿಸಿ ಮುಳ್ಳು, ಬಿಸಿ, ಬೊಕ್ಕೆ ಹುಡುಕುತ್ತಾಳೆ, ನನಗೆ ತಿಳಿಯುವುದಿಲ್ಲ. ಹೊಲಿದು ಹೊಲಿದು ಒರಟಾದ ಬೆರಳು ಅವಳದು ಎಂದು ನೋಡಿ ಬಲ್ಲೆ, ನನ್ನ ಪಾದಕ್ಕೆ ಅದೂ ಗೊತ್ತಿಲ್ಲ. ಮೊದಲ ದಿನ ಅವಳು ಕೈ ಚಾಚಿದಾಗ ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದೆ. "ಇನ್ನ ಎರಡು ಬೆರಳು ಹೋಗಬೇಕೇನ್ರಿ?" ಎಂದು ಗದರಿಸಿ ಹೊರಗೆಳೆದಳು.

ಪುಟ್ಟಿ, ಇನ್ನು ನಿನ್ನ ಪ್ರಶ್ನೆ. ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹೋಗಿತ್ತು. ಈಗ ಮತ್ತೆ ಬಂದಿದೆ. ಅವಳಿಗೆ ಎಲ್ಲ ತಪಾಸಣೆಯೂ ಸಿಗುತ್ತದೆ. ರಕ್ತ ಕೊಡುತ್ತಾಳೆ, ಕಣ್ಣು ತೋರಿಸುತ್ತಾಳೆ. ಕಾಲಿನ ಕೋಣೆಗೆ ಮಾತ್ರ ಹೋಗುವುದಿಲ್ಲ. ಒಂದು ಸಲ ಹೋಗಿದ್ದಳು, ಬೆರಳು ನೋಡಬೇಕು ಉಂಗುರ ತೆಗೆಯಿರಿ ಎಂದರಂತೆ, ಎದ್ದು ಬಂದುಬಿಟ್ಟಳು. ದೊಡ್ಡ ಓದು ಓದಿದವಳು, ಲಿಫ್ಟಿನ ಮನೆಯಲ್ಲಿರುವವಳು, ಪ್ಯಾಂಟಿನ ಕೆಳಗೆ ಆ ಉಂಗುರ ಹಾಗೇ ಇದೆ. ಬಿಗಿಯಾಗಿದೆ, ನಾನು ನೋಡಿದ್ದೇನೆ. ಅದಕ್ಕೇ ಆ ಹಬ್ಬದ ದಿನ ಅವಳ ಪಕ್ಕ ಕೂತು, "ಕಾಲುಂಗುರ ತೆಗೆದಿಡೇ," ಎಂದೆ.

"ಅಮ್ಮಾ! ಅವರು ಹಾಲ್‌ನಲ್ಲಿ ಕೂತಿದಾರೆ. ಹಬ್ಬದ ದಿನ, ನೀನು ಹೇಳೋ ಮಾತಾ ಇದು?"

ಆ 'ನೀನು' ಎಂದದ್ದು ಏಕೆ ಎಂದು ನಿಮಗೆ ತಿಳಿಯದು. ಗಂಡ ಹೋದವಳು ಗಂಡ ಇರುವವಳಿಗೆ ಹೇಳಬಾರದ ಮಾತು ಅದು, ತಾಯಿಯಾದರೂ ಸರಿ. ಅವಳು ಅಳುತ್ತಾ ಬಾಗಿಲು ಹಾಕಿಕೊಂಡಳು. ನಿಮ್ಮ ಅಪ್ಪ ಏನಾಯಿತೆಂದು ಕೇಳಿದರೆ ನಾನು ಅವರಿಗೆ ಹೇಗೆ ಹೇಳಲಿ? ಸುಮ್ಮನೆ ಮಾಟುಂಗಕ್ಕೆ ಬಂದೆ. ಅವಳು ಇನ್ನೂ ತೆಗೆದಿಲ್ಲ. ನಾನು ಇನ್ನೊಮ್ಮೆ ಬಾಯಿಬಿಟ್ಟು ಹೇಳಲಾರೆ.

ಮಗಳೇ, ಓದುವುದನ್ನು ಇಲ್ಲಿ ನಿಲ್ಲಿಸಬೇಡ. ಮಕ್ಕಳಿಗೆ ಕೇಳುವಂತೆ ಓದು.

ಗಂಡ ಹೆಂಡತಿಯ ಕಾಲು ಮುಟ್ಟಬಾರದು ಎನ್ನುತ್ತಾರೆ. ಮಕ್ಕಳು ತಾಯಿಯ ಕಾಲು ಮುಟ್ಟಬಾರದು ಎಂದು ಯಾರೂ ಹೇಳಿಲ್ಲ. ಹಬ್ಬ, ಹುಟ್ಟಿದಹಬ್ಬ ಬಂದಾಗ ನೀವು ಅವಳಿಗೆ ನಮಸ್ಕಾರ ಮಾಡುತ್ತೀರಿ, ಬಗ್ಗಿದಂತೆ ಮಾಡಿ ಓಡುತ್ತೀರಿ. ಮುಂದಿನ ಸಲ ಬೇಗ ಏಳಬೇಡಿ. ಅಲ್ಲೇ ಕೂತು ಬೆರಳಿನ ಸಂದಿ ನೋಡಿ, ಉಂಗುರದ ಸುತ್ತ ನೋಡಿ. ಪುಟ್ಟಿ, ನೀನು ಪೊರಕೆಯ ಒಂದು ಕಡ್ಡಿ ಮುರಿದು ಅವಳ ಅಂಗಾಲಿಗೆ ಮೆಲ್ಲಗೆ ತಾಗಿಸು. ಅವಳು ಕಾಲು ಎಳೆದುಕೊಂಡು ಬೈದರೆ ಒಳ್ಳೆಯದು, ಇನ್ನೂ ಹೊತ್ತಿದೆ. ಬೈಯದೆ ಸುಮ್ಮನೆ ಕೂತಿದ್ದರೆ, ಆಗ ನಿನ್ನ ಅಪ್ಪನನ್ನು ಕರೆ. ಇಕ್ಕಳ ಬರುವುದಕ್ಕೆ ಮೊದಲು ಆ ಉಂಗುರವನ್ನು ಅವರೇ ತೆಗೆಯಲಿ. ತೊಡಿಸಿದವರು ತೆಗೆದರೆ ಅಪಶಕುನವಿಲ್ಲ ಎಂದು ಅಜ್ಜಿ ಹೇಳಿದ್ದಾಳೆ ಅನ್ನಿ. ಶಾಸ್ತ್ರದಲ್ಲಿ ಹಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ಹಾಳೆಗಳನ್ನು ನಿಮ್ಮ ಅಮ್ಮನ ತಪಾಸಣೆಯ ಫೈಲಿನಲ್ಲಿ ಸೇರಿಸಿಡಿ, ವರ್ಷಕ್ಕೊಮ್ಮೆಯಾದರೂ ಆ ಫೈಲು ತೆಗೆಯುತ್ತಾಳೆ. ಸಿಟ್ಟಿನಲ್ಲಿ ಅವಳು ಹರಿಯಲು ಹೋದರೆ ಕಿತ್ತುಕೊಂಡು ನಿಮ್ಮ ಶಾಲೆಯ ಪುಸ್ತಕಗಳ ನಡುವೆ ಬಚ್ಚಿಡಿ. ನಿಮಗೆ ಕನ್ನಡ ಓದಲು ಬರುವ ದಿನದವರೆಗೆ ಕಳೆಯಬೇಡಿ.